ಟ್ರ್ಯಾಕ್ಟರ್ ಅವರದು, ಕುಂಟೆ ನಮ್ಮದು
ಕಂಪ್ಯೂಟರಿನೊಳಗೆ ವಿಮಾನ ಕಟ್ಟುವವರ ಪಾಡು

ಉದಗೀರಕ್ಕೆ ಬೀದರ್ ದೂರವೇನಲ್ಲ. ಅಲ್ಲಿನ ವಾಯುಪಡೆ ನೆಲೆಯಲ್ಲಿ 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿತು. 2011ರವರೆಗೆ ಅದು ಹಾರಿಸಿದ್ದು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನ. ಈಗ ಆ ಜಾಗಕ್ಕೆ ಹಾಕ್ ಬಂದಿದೆ. ಉಮರ್ಗಾ, ನಿಲಂಗಾ ಕಡೆಯ ಕಂಪ್ಯೂಟರ್ ಕಲಿತ ಹುಡುಗನೊಬ್ಬ, 'ಹಾರಾಟದ ಆಟದೊಳಗ ನಮ್ಮ ಕಿರಣ್ ಕೂಡಿಸಾಕ ಬರ್ತದೇನ್ರಿ?' ಅಂತ ಕೇಳಿದರೆ ಉತ್ತರ ಇಷ್ಟು: ಬರ್ತದ, ಆದರ ಸಸಾರ ಅಲ್ಲ.

ಮೈಕ್ರೋಸಾಫ್ಟ್ ಕಂಪನಿಯ ಫ್ಲೈಟ್ ಸಿಮ್ಯುಲೇಟರ್ 1982ರಿಂದ ಇದೆ. ಎಕ್ಸ್-ಪ್ಲೇನ್ ಎಂಬುದು ಇನ್ನೊಂದು. ಕಂಪನಿಯವರು ಕೆಲವು ವಿಮಾನ ಕೊಡುತ್ತಾರೆ. ಉಳಿದವನ್ನು ಹೊರಗಿನವರು ಕಟ್ಟಿ ಮಾರುತ್ತಾರೆ. ಟ್ರ್ಯಾಕ್ಟರ್ ಕಂಪನಿಯದು, ಕುಂಟೆ ಊರ ಕಮ್ಮಾರನದು ಇದ್ದ ಹಾಗೆ.

ಕೊಂಡಿಯ ತೊಡಕು

ಟ್ರ್ಯಾಕ್ಟರಿನ ಮೂರು ಕೊಂಡಿಗೆ ಒಂದು ಅಳತೆ ಉಂಟು. ಯಾವ ಕಂಪನಿಯದಾದರೂ ಕುಂಟೆ ಕೂಡ್ತದ. ಇಲ್ಲಿ ಹಂಗಿಲ್ಲ. ಎಕ್ಸ್-ಪ್ಲೇನಿಗೆ ಕಟ್ಟಿದ್ದು ಮೈಕ್ರೋಸಾಫ್ಟಿಗೆ ಕೂಡದು. 2017ರಲ್ಲಿ ಪ್ರಿಪೇರ್ ತ್ರೀಡಿ 64 ಬಿಟ್‌ಗೆ ಹೋದಾಗ 32 ಬಿಟ್‌ನ ಹಳೇ ಮೀಟರು-ಯಂತ್ರದ ಬರಹವೆಲ್ಲ ಮತ್ತೆ ಕಟ್ಟಬೇಕಾಯಿತು. 2020ರ ಮೈಕ್ರೋಸಾಫ್ಟ್ ಆವೃತ್ತಿಯಲ್ಲಿ ಪದ್ಧತಿಯೇ ಬದಲು. ತೆಲುಗು ಪದ್ಯವನ್ನು ಕನ್ನಡಕ್ಕೆ ತಂದಂತೆ: ಅರ್ಥ ದಾಟುತ್ತದೆ, ಲಯ ಹೊಸದಾಗಿ ಹೊಸೆಯಬೇಕು.

ಅಂಗಿ ಹಾಕಿದರೆ ಆಳೇ?

ಫೋಟೋ ನೋಡಿ ಆಕಾರ ಬಿಡಿಸಬಹುದು. ಆದರೆ ತೂಕ ಎಷ್ಟು, ಯಾವ ಎತ್ತರದಲ್ಲಿ ಎಂಜಿನ್ನಿನ ಒತ್ತು ಎಷ್ಟು, ಯಾವ ವೇಗಕ್ಕೆ ರೆಕ್ಕೆ ಕೈಬಿಡುತ್ತದೆ ಎಂಬ ಲೆಕ್ಕ ಬೇಕು. ಒಂದು ಗುಂಡಿ ಒತ್ತಿದರೆ ಯಾವ ಪಂಪು, ಯಾವ ದೀಪ ಎಂಬುದೂ ಬೇಕು. ಸೇನೆಯ ವಿಮಾನದ ಲೆಕ್ಕವೆಲ್ಲ ಹೊರಗೆ ಸಿಗುವುದಿಲ್ಲ. ಲೆಕ್ಕವಿಲ್ಲದ ವಿಮಾನ ಹೊಲದ ಬೆದರುಬೊಂಬೆಯಷ್ಟೆ.

ರೊಕ್ಕದ ಮಾತು

ಗಿರಾಕಿ ಒಮ್ಮೆ ಹಣ ಕೊಡುತ್ತಾನೆ. ಮೂಲ ಆಟ ಬದಲಾದಾಗಲೆಲ್ಲ ರಿಪೇರಿ ಮಾತ್ರ ಕಟ್ಟಿದವನ ತಲೆಮೇಲೆ. ಒಮ್ಮೆ ಮಾರಿದ ಮಾಲಿಗೆ ವರ್ಷಗಟ್ಟಲೆ ಚಾಕರಿ ಮಾಡುವ ಅಡತಿ ಎಲ್ಲಿದೆ ಹೇಳ್ರಿ? ಮೇಲೆ ನಕಲು ಕಳ್ಳರ ಕಾಟ ಬೇರೆ. ಇದಕ್ಕೆ ಮುಯ್ಯಾಳಿನ ದಾರಿಯೂ ಒಂದಿದೆ. ಫ್ಲೈಬೈವೈರ್ ಎಂಬ ಗುಂಪಿನವರು ಹಲವು ಕೈ ಕೂಡಿಸಿ ಏರ್‌ಬಸ್ 320 ಕಟ್ಟಿ ಪುಕ್ಕಟೆ ಕೊಟ್ಟರು; ಒಳಗಿನ ಬರಹವನ್ನೂ ತೆರೆದಿಟ್ಟರು.

1964ರಲ್ಲಿ ಮೊದಲು ಹಾರಿದ ಕಿರಣ್‌ಗೆ ವಯಸ್ಸಾಗಿದೆ. ಗುರು-ಶಿಷ್ಯರು ಪಕ್ಕಪಕ್ಕ ಕೂತು ಹಾರಿಸುವ ವಿಮಾನ ಅದು. ಅದನ್ನು ಹಾರಿಸಿ, ತೊಳೆದು, ದುರಸ್ತಿ ಮಾಡಿ ನಿವೃತ್ತರಾದವರು ನಮ್ಮ ನಡುವೆ ಇರುವಾಗಲೇ ಹುಡುಗರು ಹೋಗಿ ಕೇಳಲಿ. ಗುಟ್ಟು ಕೇಳೂದು ಬ್ಯಾಡ. ಸಪ್ಪಳ ಹೆಂಗಿತ್ತು, ಕೈಗೆ ಕೋಲು ಎಷ್ಟು ಬಿಗಿ ಇತ್ತು, ಇಷ್ಟು ಸಾಕು. ಈ ಲೆಕ್ಕ ಯಾವ ಪುಸ್ತಕದಾಗೂ ಸಿಗೂದಿಲ್ಲ.