ಹುಳು ಹಣ್ಣಾಗದಿದ್ದರೆ?



ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳು ಏಳೆಂಟು ದಿನ ಸೊಪ್ಪು ಮೇದು ಹಣ್ಣಾಗಬೇಕು. ಕೆಲವು ಸಲ ಹಾಗಾಗೋದಿಲ್ಲ. ಹುಳ ದಪ್ಪಗಾಗ್ತದೆ, ಮೇಯ್ತಾನೇ ಇರ್ತದೆ, ಚಂದ್ರಿಕೆಗೆ ಬಿಟ್ಟರೂ ಗೂಡು ಕಟ್ಟೋದಿಲ್ಲ. ಸೊಪ್ಪೂ ಹೋಯಿತು, ಕೂಲಿಯೂ ಹೋಯಿತು. ಚಳಿ, ಸತ್ವವಿಲ್ಲದ ಸೊಪ್ಪು, ರೋಗ ಇವೂ ಹುಳುವನ್ನು ಕಾಡುವುದುಂಟು. ಆದರೆ ಇನ್ನೊಂದು ಕಾರಣವನ್ನೂ ತಿಳಿದಿರಬೇಕು.

ಹುಳುವಿನ ತಲೆಯಲ್ಲಿ ಒಂದು ಜೊತೆ ಸಣ್ಣ ಗ್ರಂಥಿಗಳಿವೆ. ಅವು ಎಳೆತನ ಕಾಯುವ ರಸವನ್ನು ರಕ್ತಕ್ಕೆ ಬಿಡುತ್ತವೆ. ಇದೇ ಜುವೆನೈಲ್ ಹಾರ್ಮೋನು. ಇದಿರುವ ತನಕ ಹುಳು ಜ್ವರ ಕಳೆದು ಮತ್ತೆ ಹುಳುವೇ ಆಗುತ್ತದೆ. 1938ರಲ್ಲಿ ಫ್ರಾನ್ಸಿನ ಬೂನ್ಯೋಲ್ ಎಂಬ ವಿಜ್ಞಾನಿ ಎಳೆಯ ಹುಳುಗಳ ಈ ಗ್ರಂಥಿ ತೆಗೆದು ನೋಡಿದರು. ಅವು ಪೂರ್ತಿ ಬೆಳೆಯುವ ಮೊದಲೇ ಕೋಶವಾದವು.

ಕಡೆಯ ಹಂತದಲ್ಲಿ ಗ್ರಂಥಿ ರಸ ಬಿಡೋದನ್ನು ನಿಲ್ಲಿಸ್ತದೆ. ರಕ್ತದಲ್ಲಿ ಉಳಿದದ್ದನ್ನು ಎಸ್ಟರೇಸ್ ಎಂಬ ಕಿಣ್ವ ಒಡೆದು ಹಾಕ್ತದೆ. ಮೊಳಕೆ ಬಂದ ರಾಗಿ ಸಿಹಿಯಾಗ್ತದಲ್ಲ, ಅಲ್ಲಿಯೂ ಕಾಳಿನ ಹಿಟ್ಟನ್ನು ಒಡೆಯುವುದು ಕಿಣ್ವವೇ. ಎಳೆತನದ ರಸ ಬರಿದಾದ ಮೇಲೆ ಎಕ್ಡೈಸೋನ್ ಎಂಬ ಬೇರೊಂದು ಹಾರ್ಮೋನು ಕೆಲಸಕ್ಕೆ ಬರುತ್ತದೆ. ಆಗ ಹುಳು ಮೇವು ಬಿಟ್ಟು ಗೂಡಿಗೆ ಕೂರುತ್ತದೆ.

ಈಗ ಎಚ್ಚರದ ಮಾತು. ಬಿಳಿನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಎಂಬ ಔಷಧಿ ಎಳೆತನದ ರಸದಂತೆಯೇ ಕೆಲಸ ಮಾಡುತ್ತದೆ. ಆದರೆ ಎಸ್ಟರೇಸ್ ಇದನ್ನು ಒಡೆಯಲಾರದು. ಪಕ್ಕದ ಹತ್ತಿ ಹೊಲದಿಂದ ಗಾಳಿಗೆ ತೂರಿ ಬಂದು ಹಿಪ್ಪುನೇರಳೆ ಎಲೆಯ ಮೇಲೆ ಅತಿ ಸ್ವಲ್ಪ ಕೂತರೂ ಸಾಕು, ಹುಳ ಸಾಯದೇ ಇರಬಹುದು, ಗೂಡು ಮಾತ್ರ ಕಟ್ಟೋದಿಲ್ಲ.

ಅದಕ್ಕೇ ಹೇಳೋದು: ಡಬ್ಬಿಯ ಮೇಲಿನ ಔಷಧಿಯ ಹೆಸರು ಓದಿ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಹೊಡೆಯುವ ದಿನ ಮುಂಚಿತವಾಗಿ ತಿಳಿಸುವಂತೆ ಪಕ್ಕದ ಹೊಲದವರಿಗೆ ಹೇಳಿಡಿ. ಗಾಳಿ ತೋಟದ ಕಡೆ ಬೀಸುವಾಗ ಹೊಡೆಯಬಾರದು. ಬೇರೆ ಬೆಳೆಗೆ ಬಳಸಿದ ಸಿಂಪಡಿಸುವ ಯಂತ್ರವನ್ನು ಹಿಪ್ಪುನೇರಳೆಗೆ ತರಬೇಡಿ. ಅನುಮಾನ ಬಂದ ಸೊಪ್ಪನ್ನು ಹುಳುವಿಗೆ ಹಾಕಬೇಡಿ. ರೇಷ್ಮೆ ಇಲಾಖೆಯವರನ್ನು ಕೇಳಿ.

ಹುಳುವಿನ ಲೆಕ್ಕ ಹುಳುವಿಗೆ ಗೊತ್ತು. ಅದು ತಪ್ಪದ ಹಾಗೆ ಸೊಪ್ಪನ್ನು ಕಾಯುವುದು ನಮ್ಮ ಕೆಲಸ.