ಅಹಮದಾಬಾದಿನ ಸೂಜಿ, 120 ಜನ, ಹನ್ನೆರಡು ವಾರ: ಕೀಲುವಾತದ ಟ್ರಯಲ್ ಒಂದನ್ನ ಓದೋದು ಹೇಗೆ?

ಸೂರತ್ ಪಕ್ಕದ ಸಚಿನ್‌ನಿಂದ ಮಾತಾಡ್ತಿದ್ದೀನಿ. ಹೌದು, ಊರಿನ ಹೆಸರೇ ಸಚಿನ್. ಬೆಂಗಳೂರಿನ ನನ್ನ ಟೀಮಿನವರು ಇವತ್ತಿಗೂ "ತೆಂಡೂಲ್ಕರ್ ಆರಾಮಾ?" ಅಂತ ಕೇಳ್ತಾರೆ.

ಇವತ್ತಿನ ವಿಷಯ ರುಮಟಾಯ್ಡ್ ಆರ್ಥ್ರೈಟಿಸ್. ಆದರೆ ಕಾಯಿಲೆಯ ಬಗ್ಗೆ ಸ್ವಲ್ಪ, ಅದರ ಔಷಧಿಗಳನ್ನ ರೋಗಿಗಳ ಮೇಲೆ ಹೇಗೆ ಪರೀಕ್ಷೆ ಮಾಡ್ತಾರೆ ಅನ್ನೋದರ ಬಗ್ಗೆ ಜಾಸ್ತಿ. ಗುಜರಾತ್‌ನಲ್ಲಿರೋ ನಮ್ಮವರ ಮನೆಗಳಲ್ಲಿ ಎರಡು ಪ್ರಶ್ನೆ ಪದೇ ಪದೇ ಬರುತ್ತೆ. ಒಂದು, "ಡಾಕ್ಟ್ರು ದುಬಾರಿ ಇಂಜೆಕ್ಷನ್ ಬರೆದಿದ್ದಾರೆ, ಅಹಮದಾಬಾದ್‌ನಲ್ಲಿ ಮಾಡಿದ ಕಾಪಿ ಕಡಿಮೆಗೆ ಸಿಗುತ್ತಂತೆ, ಹಾಕಿಸ್ಬಹುದಾ?" ಇನ್ನೊಂದು, "ಅಮ್ಮನನ್ನ ಟ್ರಯಲ್‌ಗೆ ಸೇರಿಸಿ ಅಂತಿದ್ದಾರೆ, ಸೇರಿಸೋದಾ?" ಎರಡನೆಯದು ನಮ್ಮ ಮನೆಗೇ ಬಂದಿತ್ತು. ಅದನ್ನ ಆಮೇಲೆ ಹೇಳ್ತೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಕ್ಲಿನಿಕಲ್ ಟ್ರಯಲ್‌ಗಳ ಡೇಟಾ ತಗೊಂಡು ಟೇಬಲ್ ಮಾಡಿಕೊಡೋದು ನನ್ನ ಹೊಟ್ಟೆಪಾಡು. ಹಾಗಾಗಿ ಔಷಧಿ ತಗೊಳ್ಳಿ, ಬಿಡಿ ಅಂತ ನಾನು ಹೇಳಲ್ಲ. ಅಂಕಿ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದಷ್ಟೇ ನನ್ನ ಕೆಲಸ.

ವಯಸ್ಸಾದವರ ಮಂಡಿ ಸವೆತ ಬೇರೆ, ಇದು ಬೇರೆ. ಇಲ್ಲಿ ದೇಹದ ಕಾವಲುಪಡೆಯೇ ತಿರುಗಿ ಕೀಲಿನ ಒಳಪೊರೆ ಮೇಲೆ ಬೀಳುತ್ತೆ. ಬೆರಳಿನ ಗೆಣ್ಣುಗಳು, ಮಣಿಕಟ್ಟು ಊದಿಕೊಳ್ಳುತ್ತವೆ, ಸಾಮಾನ್ಯವಾಗಿ ಎರಡೂ ಕೈಯಲ್ಲಿ. ಬೆಳಿಗ್ಗೆ ಎದ್ದಾಗ ಕೈ ಮಡಚೋಕೆ ಆಗಲ್ಲ, ಗಂಟೆಗಟ್ಟಲೆ ಬಿಗಿ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. 1993ರಲ್ಲಿ ಪ್ರಕಟವಾದ, ಹರಿಯಾಣದ ಬಲ್ಲಭಗಢ ಕಡೆಯ ಹಳ್ಳಿಗಳ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ಶೇ. 0.75ರಷ್ಟು ಜನರಿಗೆ ಇದು ಕಂಡಿತ್ತು. ಸಾವಿರಕ್ಕೆ ಏಳೆಂಟು ಜನ. ನಿಮ್ಮ ಅಪಾರ್ಟ್‌ಮೆಂಟ್ ದೊಡ್ಡದಿದ್ದರೆ ಅಲ್ಲೇ ಒಬ್ಬರೋ ಇಬ್ಬರೋ ಇರ್ತಾರೆ.

ಚಿಕಿತ್ಸೆಯ ಬುನಾದಿ ಮೆಥೊಟ್ರೆಕ್ಸೇಟ್ ಅನ್ನೋ ಮಾತ್ರೆ. ಕ್ಯಾನ್ಸರ್‌ಗೆ ಅಂತ ಹುಟ್ಟಿದ ಔಷಧಿ. ನಮ್ಮ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಕೆಲಸದಿಂದ ಬಂದದ್ದು. ಕೀಲುವಾತಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1988ರಲ್ಲಿ. ಬೆಲೆ ಕಡಿಮೆ, ಬಹಳ ಜನಕ್ಕೆ ಕೆಲಸ ಮಾಡುತ್ತೆ. ಒಂದೇ ಒಂದು ವಿಷಯ ದಯವಿಟ್ಟು ನೆನಪಿಡಿ: ಈ ಕಾಯಿಲೆಗೆ ಇದನ್ನ ವಾರಕ್ಕೆ ಒಂದೇ ದಿನ ಕೊಡ್ತಾರೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಊರಲ್ಲಿರೋ ಅಪ್ಪ ಅಮ್ಮ ಈ ಮಾತ್ರೆ ತಗೊಳ್ತಿದ್ದರೆ ಇವತ್ತೇ ಫೋನ್ ಮಾಡಿ ವಾರ ಯಾವುದು ಅಂತ ಕೇಳಿ. ನಮ್ಮತ್ತೆ ಅದಕ್ಕೆ "ಗುರುವಾರದ ಗುಳಿಗಿ" ಅಂತಲೇ ಹೆಸರಿಟ್ಟಿದ್ದಾರೆ.

ಈ ಮಾತ್ರೆ ಸಾಕಾಗದವರಿಗೆ ದಶಕಗಳ ಕಾಲ ದಾರಿ ಕಡಿಮೆ ಇತ್ತು. ಅದನ್ನ ಬದಲಾಯಿಸಿದ್ದು ಲಂಡನ್ನಿನ ಇಬ್ಬರು, ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. ಊದಿದ ಕೀಲಿನೊಳಗೆ ಉರಿ ಹಚ್ಚುವ ಸಂದೇಶಗಳು ಹತ್ತಾರು. ಅವುಗಳಲ್ಲಿ ಟಿಎನ್‌ಎಫ್ ಅನ್ನೋ ಒಂದನ್ನ ತಡೆದರೆ ಉಳಿದವೂ ತಣ್ಣಗಾಗ್ತವೆ ಅನ್ನೋದು ಅವರ ವಾದ. ತುಂಬಾ ಜನ ನಂಬಲಿಲ್ಲ. ಒಂದು ತಂತಿ ಕತ್ತರಿಸಿದರೆ ಇಡೀ ಬೋರ್ಡ್ ಆಫ್ ಆಗುತ್ತಾ ಅನ್ನೋ ಅನುಮಾನ. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಇಪ್ಪತ್ತು ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಆಂಟಿಬಾಡಿ ಕೊಟ್ಟರು. ಎಲ್ಲರೂ ಚೇತರಿಸಿಕೊಂಡರು. ಸಂಭ್ರಮವೋ ಸಂಭ್ರಮ.

ಆದರೆ ಇಪ್ಪತ್ತು ಜನ ಚೇತರಿಸಿಕೊಂಡರು ಅನ್ನೋದು ಪುರಾವೆ ಅಲ್ಲ. ಈ ಕಾಯಿಲೆ ತಾನಾಗೇ ಏರುತ್ತೆ, ಇಳಿಯುತ್ತೆ. ಜನ ಡಾಕ್ಟರ್ ಹತ್ತಿರ ಬರೋದೇ ನೋವು ತಾರಕಕ್ಕೆ ಹೋದಾಗ, ಅಲ್ಲಿಂದ ಅದು ಇಳಿಯಲೇಬೇಕು. ಹೊಸ ಸೂಜಿ, ದೊಡ್ಡ ಆಸ್ಪತ್ರೆ, ಪ್ರೀತಿಯಿಂದ ಮಾತಾಡಿಸೋ ನರ್ಸ್, ಇಷ್ಟಕ್ಕೇ ಅರ್ಧ ನೋವು ಹೋಗುತ್ತೆ. ಹಾಗಾಗಿ ಮುಂದಿನ ಹೆಜ್ಜೆಯಲ್ಲಿ 73 ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧಿಯೇ ಇಲ್ಲದ ಡಮ್ಮಿ ಡ್ರಿಪ್, ಒಂದಕ್ಕೆ ಕಡಿಮೆ ಡೋಸ್, ಒಂದಕ್ಕೆ ಹೆಚ್ಚು ಡೋಸ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕೀಲು ಮುಟ್ಟಿ ನೋಡೋ ಡಾಕ್ಟರಿಗೂ ಗೊತ್ತಿಲ್ಲ. ಇದನ್ನೇ ಡಬಲ್ ಬ್ಲೈಂಡ್ ಅನ್ನೋದು. ನಾಲ್ಕು ವಾರ ಬಿಟ್ಟು ಎಣಿಸಿದರು. ಡಮ್ಮಿ ಗುಂಪಿನ 24 ಜನರಲ್ಲಿ 2 ಜನಕ್ಕೆ ಗುಣ ಕಂಡಿತ್ತು. ಕಡಿಮೆ ಡೋಸಿನ 25ರಲ್ಲಿ 11. ಹೆಚ್ಚು ಡೋಸಿನ 24ರಲ್ಲಿ 19.

2, 11, 19. 1994ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಈ ಮೂರು ಸಂಖ್ಯೆಗಳು ನನಗೆ ಬಹಳ ಇಷ್ಟ. ಡೋಸ್ ಏರಿದಂತೆ ಗುಣ ಏರಿದೆ. ಡಮ್ಮಿಯಲ್ಲಿ ಹೆಚ್ಚೂಕಡಿಮೆ ಏನೂ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಓದದವರಿಗೂ ಅರ್ಥ ಆಗುತ್ತೆ.

ಈಗ ಗುಜರಾತಿಗೆ ಬರೋಣ. ಟಿಎನ್‌ಎಫ್ ತಡೆಯುವ ಇನ್ನೊಂದು ಆಂಟಿಬಾಡಿ ಅಡಾಲಿಮುಮಾಬ್, ಮಾರುಕಟ್ಟೆಯ ಹೆಸರು ಹ್ಯುಮಿರಾ. 2002ರ ಡಿಸೆಂಬರ್ 31ಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಮುಂದೆ ಜಗತ್ತಿನಲ್ಲೇ ಅತಿ ಹೆಚ್ಚು ಹಣ ತಂದ ಔಷಧಿಗಳ ಸಾಲಿಗೆ ಸೇರಿತು. 2014ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಝೈಡಸ್ ಕಂಪನಿ ಅದರ ಬಯೋಸಿಮಿಲರ್ ಅನ್ನ ಎಕ್ಸೆಂಪ್ಟಿಯಾ ಅನ್ನೋ ಹೆಸರಲ್ಲಿ ಬಿಡುಗಡೆ ಮಾಡಿತು. ಅಡಾಲಿಮುಮಾಬ್‌ಗೆ ಜಗತ್ತಿನಲ್ಲಿ ಅದೇ ಮೊದಲ ಬಯೋಸಿಮಿಲರ್. ಆಗ ಅದರ ಬೆಲೆ ಒಂದು ವಯಲ್‌ಗೆ ಸುಮಾರು 200 ಡಾಲರ್ ಇತ್ತು, ಆಗಿನ ಅಮೆರಿಕದ ಬೆಲೆಯ ಐದನೇ ಒಂದು ಭಾಗ. ಪೇಟೆಂಟ್ ವ್ಯಾಜ್ಯ, ರಾಜಿಗಳೆಲ್ಲ ಮುಗಿದು ಅಮೆರಿಕದ ರೋಗಿಗೆ ಇಂಥ ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದು 2023ರ ಜನವರಿಯಲ್ಲಿ. ಎಂಟು ವರ್ಷ ತಡ. ನ್ಯೂಜೆರ್ಸಿಯಲ್ಲಿರೋ ನಮ್ಮ ಗೆಳೆಯರು ಇದನ್ನ ಕೇಳಿ ಹಲ್ಲು ಕಡೀತಾರೆ.

"ಕಾಪಿ" ಅನ್ನೋ ಪದ ಇಲ್ಲಿ ಸ್ವಲ್ಪ ತೊಂದರೆ ಕೊಡುತ್ತೆ. ಪ್ಯಾರಾಸಿಟಮಾಲ್ ಸಣ್ಣ ಅಣು, ಯಾರು ಮಾಡಿದರೂ ಅದೇ ಅಣು. ಆಂಟಿಬಾಡಿ ದೊಡ್ಡ ಪ್ರೋಟೀನ್, ಅದನ್ನ ಜೀವಕೋಶಗಳೇ ತಯಾರಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಒಂದು ಸಾಫ್ಟ್‌ವೇರ್ ಹೇಗೆ ನಡ್ಕೊಳ್ಳುತ್ತೆ ಅಂತ ಪೂರ್ತಿ ಗೊತ್ತು, ಆದರೆ ಕಂಪೈಲರ್, ಸರ್ವರ್, ಬಿಲ್ಡ್ ಸ್ಕ್ರಿಪ್ಟ್ ಎಲ್ಲ ಮೂಲ ಕಂಪನಿಯ ಹತ್ತಿರ ಇದೆ. ನೀವು ನಿಮ್ಮದೇ ಬಿಲ್ಡ್ ಮಾಡಬೇಕು. ಅಮೈನೋ ಆಮ್ಲಗಳ ಸಾಲು ಒಂದೇ ಇದ್ದರೂ, ಅದರ ಮೇಲೆ ಅಂಟಿಕೊಳ್ಳೋ ಸಕ್ಕರೆಯ ತುಣುಕುಗಳಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಅದಕ್ಕೇ "ಅದೇ" ಅನ್ನದೆ "ಸಿಮಿಲರ್" ಅನ್ನೋದು, ಮತ್ತು ಅದಕ್ಕೇ ಲ್ಯಾಬ್ ಪರೀಕ್ಷೆ ಸಾಲದೆ ರೋಗಿಗಳಲ್ಲೂ ಹೋಲಿಸಿ ನೋಡೋದು.

ಝೈಡಸ್‌ನ ಹೋಲಿಕೆ ಟ್ರಯಲ್‌ನಲ್ಲಿ ಇದ್ದದ್ದು 120 ರೋಗಿಗಳು. ಒಂದು ಗುಂಪಿಗೆ ಎಕ್ಸೆಂಪ್ಟಿಯಾ, ಇನ್ನೊಂದಕ್ಕೆ ಹ್ಯುಮಿರಾ, ಡಬಲ್ ಬ್ಲೈಂಡ್. ಹನ್ನೆರಡನೇ ವಾರ ಎಣಿಸಿದಾಗ ಶೇ. 82 ಮತ್ತು ಶೇ. 79ರಷ್ಟು ಜನ ಎಸಿಆರ್ 20 ಅನ್ನೋ ಗುರಿ ಮುಟ್ಟಿದ್ದರು.

ಇದನ್ನ ಕೇಳಿದ ಕೂಡಲೇ "ನೂರಕ್ಕೆ ಎಂಬತ್ತೆರಡು ಜನಕ್ಕೆ ವಾಸಿ" ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಅಲ್ಲ. ಎಸಿಆರ್ 20 ಅಂದರೆ ನೋಯುವ ಕೀಲುಗಳು ಶೇ. 20 ಕಡಿಮೆ ಆಗಬೇಕು, ಊದಿದ ಕೀಲುಗಳು ಶೇ. 20 ಕಡಿಮೆ ಆಗಬೇಕು. ಜೊತೆಗೆ ನೋವು, ದಿನದ ಕೆಲಸ ಮಾಡೋ ಶಕ್ತಿ, ರೋಗಿಯ ಒಟ್ಟು ಅಭಿಪ್ರಾಯ, ಡಾಕ್ಟರ ಅಭಿಪ್ರಾಯ, ರಕ್ತದಲ್ಲಿ ಇ.ಎಸ್.ಆರ್. ಅಥವಾ ಸಿ.ಆರ್.ಪಿ., ಈ ಐದರಲ್ಲಿ ಮೂರಾದರೂ ಅಷ್ಟೇ ಸುಧಾರಿಸಬೇಕು. ಹತ್ತು ಕೀಲು ಊದಿದ್ದು ಎಂಟಕ್ಕೆ ಇಳಿದರೂ ಆ ಭಾಗದಲ್ಲಿ ಪಾಸ್. ಇನ್ನೂ ಎಂಟು ಊದೇ ಇವೆ! ಶೇ. 70 ಸುಧಾರಣೆ ಬೇಕು ಅನ್ನೋ ಎಸಿಆರ್ 70 ಲೆಕ್ಕ ನೋಡಿ: ಅದೇ ಟ್ರಯಲ್‌ನಲ್ಲಿ ಎರಡೂ ಗುಂಪಿನಲ್ಲಿ ಶೇ. 14-15ರ ಹತ್ತಿರ. ನಮ್ಮತ್ತೆಯ ಲೆಕ್ಕದಲ್ಲಿ ಹೇಳೋದಾದರೆ, ಎಸಿಆರ್ 20 ಅಂದರೆ ಚಹಾದ ಕಪ್ಪು ಎತ್ತೋದು, ಎಸಿಆರ್ 70 ಅಂದರೆ ಮತ್ತೆ ಜೋಳದ ರೊಟ್ಟಿ ಬಡಿಯೋದು.

ಹಾಗೇ 82 ದೊಡ್ಡದು, 79 ಚಿಕ್ಕದು, ಅಹಮದಾಬಾದಿನದ್ದೇ ಮೇಲು ಅಂತಲೂ ಅಲ್ಲ. ಅರವತ್ತರ ಆಸುಪಾಸಿನ ಗುಂಪಿನಲ್ಲಿ ಆ ವ್ಯತ್ಯಾಸ ಹೆಚ್ಚೆಂದರೆ ಇಬ್ಬರ ಮಾತು. ಯಾರೋ ಇಬ್ಬರು ಆ ದಿನ ಚೆನ್ನಾಗಿ ನಿದ್ದೆ ಮಾಡಿ ಬಂದಿದ್ದರೂ ಅಷ್ಟಾಗುತ್ತೆ.

ನನ್ನ ಅಭಿಪ್ರಾಯ ಕೇಳಿದರೆ, ಗುಣದ ಮಟ್ಟಿಗೆ ಈ ಪುರಾವೆ ನಂಬಬಹುದು. ಲ್ಯಾಬ್ ಹೋಲಿಕೆ ಜೊತೆಗೆ ಮೂಲ ಔಷಧಿಯ ದೊಡ್ಡ ಟ್ರಯಲ್‌ಗಳ ಬಲವೂ ಅದಕ್ಕಿದೆ. ಅಪರೂಪದ ಅಡ್ಡಪರಿಣಾಮದ ಮಟ್ಟಿಗೆ ಮಾತ್ರ ಇಷ್ಟು ಚಿಕ್ಕ ಟ್ರಯಲ್ ಏನೂ ಹೇಳಲಾರದು. ಟೆಸ್ಟಿಂಗ್ ಮಾಡುವವರಿಗೆ ಇದು ಗೊತ್ತು: ಅರವತ್ತು ಟೆಸ್ಟ್ ಕೇಸ್ ಓಡಿಸಿ ಒಂದೂ ಬಗ್ ಸಿಗಲಿಲ್ಲ ಅಂದರೆ ಬಗ್ ಇಲ್ಲ ಅಂತಲ್ಲ. ನಮ್ಮ ಕ್ಷೇತ್ರದಲ್ಲಿ ಒಂದು ಒರಟು ಲೆಕ್ಕ ಇದೆ, ಮೂರನ್ನ ಜನರ ಸಂಖ್ಯೆಯಿಂದ ಭಾಗಿಸಿ. 3 ಭಾಗಿಸು 60, ಅಂದರೆ ಶೇ. 5. ಅರವತ್ತು ಜನರಲ್ಲಿ ಒಬ್ಬರಿಗೂ ಕಾಣದ ತೊಂದರೆ ನಿಜದಲ್ಲಿ ಶೇ. 5ರವರೆಗೂ ಇರಬಹುದು. ಅದಕ್ಕೇ ಔಷಧಿ ಮಾರುಕಟ್ಟೆಗೆ ಬಂದ ಮೇಲೂ ವರ್ಷಗಟ್ಟಲೆ ಲೆಕ್ಕ ಇಡಬೇಕಾಗೋದು.

ಟಿಎನ್‌ಎಫ್ ತಡೆದಾಗ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶಕ್ಕೆ ಬಹಳ ಮುಖ್ಯವಾದ ಉದಾಹರಣೆ ಕ್ಷಯ. ನಮ್ಮಲ್ಲಿ ಬಹಳ ಜನರ ಮೈಯಲ್ಲಿ ಟಿಬಿ ರೋಗಾಣು ಮಲಗಿರುತ್ತೆ. ಕಾಯಿಲೆ ಇರಲ್ಲ, ಕೆಮ್ಮು ಇರಲ್ಲ. ರೋಗಾಣು ಸುತ್ತ ದೇಹ ಗೋಡೆ ಕಟ್ಟಿಟ್ಟಿರುತ್ತೆ. ಆ ಗೋಡೆ ನಿಲ್ಲೋದಕ್ಕೆ ಇದೇ ಟಿಎನ್‌ಎಫ್ ಬೇಕು. ಕೀಲಿಗೋಸ್ಕರ ಅದನ್ನ ತಡೆದರೆ ಗೋಡೆ ಸಡಿಲ ಆಗುತ್ತೆ. ಮೊದಲ ಆಂಟಿಬಾಡಿ ಇನ್‌ಫ್ಲಿಕ್ಸಿಮಾಬ್ ತಗೊಂಡವರಲ್ಲಿ 70 ಕ್ಷಯ ಪ್ರಕರಣಗಳ ವರದಿ 2001ರಲ್ಲಿ ಬಂತು. ಅದು ಹೊರಬಿದ್ದದ್ದು ಔಷಧಿ ಮಾರುಕಟ್ಟೆಗೆ ಹೋದ ಮೇಲೆ. ಜಗತ್ತಿನ ಟಿಬಿ ರೋಗಿಗಳಲ್ಲಿ ನಾಲ್ಕನೇ ಒಂದು ಭಾಗದಷ್ಟು ಇರೋದು ಭಾರತದಲ್ಲಿ. ಹಾಗಾಗಿ ಯಾರೇ ಈ ಸೂಜಿ ಶುರು ಮಾಡೋ ಮುಂಚೆ ಎದೆಯ ಎಕ್ಸ್‌ರೇ, ಮಾಂಟೂ ಅಥವಾ ಇಗ್ರಾ ಪರೀಕ್ಷೆ ಆಗಿದೆಯಾ ಅಂತ ಕೇಳಲೇಬೇಕು. ಖರ್ಚು ಉಳಿಸೋಕೆ ಬಿಡೋ ಪರೀಕ್ಷೆ ಅಲ್ಲ ಅದು.

ಈಗ ನಮ್ಮತ್ತೆ ವಿಷಯ. ಗದಗ ಕಡೆಯವರು, ನಾಲ್ಕು ವರ್ಷದಿಂದ ನಮ್ಮ ಜೊತೆ ಇದ್ದಾರೆ. ಮಾತ್ರೆ ಪೂರ್ತಿ ಸಾಲದೆ ಇದ್ದಾಗ ಸೂರತ್‌ನ ಒಂದು ಆಸ್ಪತ್ರೆಯಲ್ಲಿ, ಹೊಸ ಔಷಧಿಯ ಟ್ರಯಲ್ ನಡೀತಿದೆ, ನೋಡ್ತೀರಾ ಅಂತ ಕೇಳಿದರು. ಕೈಗೆ ಕೊಟ್ಟ ಒಪ್ಪಿಗೆ ಪತ್ರ ಇಪ್ಪತ್ತು ಪುಟ, ಗುಜರಾತಿಯಲ್ಲಿ. ಅತ್ತೆ ಅದನ್ನ ತಿರುಗಾಮುರುಗಾ ನೋಡಿ, "ನಾ ಏನ್ ಇಲಿ ಏನವಾ, ನನ್ನ ಮ್ಯಾಲ ಪರೀಕ್ಷೆ ಮಾಡಾಕ? ಅದೂ ನನಗ ಓದಾಕ ಬರಲಾರದ ಕಾಗದದಾಗ?" ಅಂದರು.

ಎರಡನೇ ಪ್ರಶ್ನೆ ನೂರಕ್ಕೆ ನೂರು ಸರಿ. ಸೇರುವವರಿಗೆ ಅರ್ಥ ಆಗೋ ಭಾಷೆಯಲ್ಲೇ ಮಾಹಿತಿ ಕೊಡಬೇಕು ಅನ್ನೋದು ನಿಯಮ. ಓದೋಕೆ ಬಾರದಿದ್ದರೆ, ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರ ಎದುರು ಓದಿ ವಿವರಿಸಬೇಕು. "ನಿಮ್ಮ ಸೊಸೆಗೆ ಇಂಗ್ಲಿಷ್ ಬರುತ್ತಲ್ಲ, ಸಹಿ ಹಾಕಿ" ಅನ್ನೋ ಹಾಗಿಲ್ಲ. ನಾವು ಕೇಳಿದೆವು, ಕನ್ನಡದ ಪ್ರತಿ ತರಿಸೋಕೆ ಎರಡು ವಾರ ಹಿಡೀತು, ಬಂತು. ಬೇರೆ ರಾಜ್ಯದಲ್ಲಿರೋ ನಮ್ಮಂಥವರು ಇದನ್ನ ಸಂಕೋಚ ಇಲ್ಲದೆ ಕೇಳಬೇಕು.

ಇನ್ನು ಕೇಳಬೇಕಾದ್ದು: ಹೋಲಿಕೆ ಯಾವುದರ ಜೊತೆ? ಡಮ್ಮಿ ಜೊತೆನಾ, ಚಾಲ್ತಿಯಲ್ಲಿರೋ ಔಷಧಿ ಜೊತೆನಾ? ಡಮ್ಮಿ ಆದರೆ ಎಷ್ಟು ವಾರ, ನೋವು ಜಾಸ್ತಿ ಆದರೆ ಏನು ಕೊಡ್ತೀರಿ? ಟ್ರಯಲ್ ಮುಗಿದ ಮೇಲೆ ಔಷಧಿ ಸಿಗುತ್ತಾ? ಇದಕ್ಕೆ ಉತ್ತರ ಬಹಳ ಸಲ "ಇಲ್ಲ". ನಡುವೆ ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು; ಅದರಿಂದ ಮಾಮೂಲಿ ಚಿಕಿತ್ಸೆಗೆ ಧಕ್ಕೆ ಆಗಬಾರದು. 2019ರ ನಿಯಮಗಳ ಪ್ರಕಾರ ಟ್ರಯಲ್‌ನಿಂದ ಹಾನಿ ಆದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಇವೆ. ಎಥಿಕ್ಸ್ ಕಮಿಟಿಯವರ ಫೋನ್ ನಂಬರ್ ಆ ಪತ್ರದಲ್ಲೇ ಇರುತ್ತೆ. ಟ್ರಯಲ್ ನೋಂದಣಿ ಆಗಿದೆಯಾ ಅಂತ ನೀವೇ ನೋಡಬಹುದು: ಐಸಿಎಂಆರ್ ನಡೆಸೋ ಸಿಟಿಆರ್‌ಐ ಅನ್ನೋ ಪಟ್ಟಿ 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. ಫೋನಲ್ಲೇ ಹುಡುಕಿದರೆ ಎರಡು ನಿಮಿಷದ ಕೆಲಸ. ಯಾವ ಆಸ್ಪತ್ರೆ, ಎಷ್ಟು ರೋಗಿಗಳು, ಹೋಲಿಕೆ ಯಾವುದರ ಜೊತೆ, ಎಲ್ಲ ಅಲ್ಲೇ ಇರುತ್ತೆ.

ಕನ್ನಡದ ಪತ್ರ ಓದಿ, ಮೂರು ದಿನ ಯೋಚನೆ ಮಾಡಿ ಅತ್ತೆ ಒಪ್ಪಿದರು. ಆದರೆ ಸೇರಲಿಲ್ಲ. ಆಯ್ಕೆಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ಇಗ್ರಾ ಪಾಸಿಟಿವ್ ಬಂತು, ಆ ಟ್ರಯಲ್‌ನ ನಿಯಮದಲ್ಲಿ ಅಂಥವರಿಗೆ ಅವಕಾಶ ಇರಲಿಲ್ಲ. ಮಲಗಿರೋ ಟಿಬಿಗೆ ತಡೆ ಔಷಧಿ ಶುರುವಾಯಿತು, ಗುರುವಾರದ ಗುಳಿಗಿ ಮುಂದುವರಿದಿದೆ.

ಕೆಲಸದಲ್ಲಿ ನನಗೆ ಯಾವಾಗಲೂ ಕಾಡೋ ವಿಷಯವೂ ಇದೇ. ಇಗ್ರಾ ಪಾಸಿಟಿವ್ ಬಂದವರು, ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರು, ವಯಸ್ಸು ಮಿತಿ ದಾಟಿದವರು, ಎಷ್ಟೋ ಟ್ರಯಲ್‌ಗಳಲ್ಲಿ ಇಂಥವರನ್ನೆಲ್ಲ ಬಾಗಿಲಲ್ಲೇ ಬಿಡ್ತಾರೆ. ಅವರ ಸುರಕ್ಷತೆಗೆ ಅದು ಸರಿ. ಆದರೆ ಅನುಮತಿ ಸಿಕ್ಕ ಮೇಲೆ ಅದೇ ಸೂಜಿ ಅವರಿಗೂ ಹೋಗುತ್ತೆ. ನಾನು ಮಾಡೋ ಟೇಬಲ್‌ನಲ್ಲಿ ಅವರ ಸಾಲು ಇರಲ್ಲ. ಹಾಗಾಗಿ ಯಾರಾದರೂ ನಿಮಗೆ ಶೇ. 82 ಅಂತ ತೋರಿಸಿದರೆ, ಆ 82ರೊಳಗೆ ನಿಮ್ಮಮ್ಮನಂಥವರು ಇದ್ದರಾ ಅಂತ ರುಮಟಾಲಜಿಸ್ಟ್ ಹತ್ತಿರ ಕೇಳಿ. ಒಳ್ಳೆ ಡಾಕ್ಟರ್ ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ, ಕುರ್ಚಿ ಹತ್ತಿರ ಎಳ್ಕೊಂಡು ಮಾತಾಡ್ತಾರೆ.

ಮುಂದಿನ ಸಲ ಸ್ಟಿರಾಯ್ಡ್ ಬೆರೆಸಿದ "ವಾತದ ಪುಡಿ"ಗಳ ಬಗ್ಗೆ. ಸಿಗೋಣ.