ಬಲವಂತವಾಗಿ ಕೂರಿಸಿದ ಪ್ಯಾಕೇಜ್: ಶಾಲಾ ಲ್ಯಾಬಿಗೆ ಕಾದಿರುವ ಅಪಾಯ

ಟಾಲ್ಪ್ (ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮ) ತರಬೇತಿಗಳಲ್ಲಿ ನಮ್ಮ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಲಿನಕ್ಸ್ ಆಧಾರಿತ ಉಬುಂಟು ಕಲಿತರು. ಲೈಸೆನ್ಸಿಗೆ ಒಂದು ರೂಪಾಯಿ ಕೊಡದೆ ಜಿಯೋಜೀಬ್ರಾದಲ್ಲಿ ರೇಖಾಗಣಿತ ತೋರಿಸಲು ಸಾಧ್ಯವಾದದ್ದು ದೊಡ್ಡ ಸಂಗತಿ. ಆದರೆ ಉಬುಂಟುವಿನ ಪ್ರತಿ ಆವೃತ್ತಿಗೂ ಒಂದು ಕೊನೆಯ ದಿನ ಇರುತ್ತದೆ. 16.04ರ ಉಚಿತ ಸುರಕ್ಷತಾ ಅಪ್‌ಡೇಟ್ 2021ರ ಏಪ್ರಿಲ್‌ಗೆ ನಿಂತಿತು. 18.04ರದ್ದು 2023ರ ಮೇ ತಿಂಗಳಿಗೆ, 20.04ರದ್ದು 2025ರ ಮೇ ತಿಂಗಳಿಗೆ ಮುಗಿಯಿತು. 22.04ರ ಸರದಿ 2027ರಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಬ್ಲಾಕುಗಳ ಲ್ಯಾಬುಗಳಲ್ಲಿ ಇವುಗಳಲ್ಲಿ ಯಾವ ಆವೃತ್ತಿ ಓಡುತ್ತಿದೆ ಎಂದು ಈಗಲೇ ನೋಡಿಕೊಳ್ಳದಿದ್ದರೆ ಮುಂದೆ ಹಾನಿ ತಪ್ಪದು.

ಹಾನಿ ಶುರುವಾಗುವುದು ಚಿಕ್ಕ ತೊಡಕಿನಿಂದ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಯಾವ ಪ್ರೋಗ್ರಾಂ ಕೂಡ ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಬೇಕಾದ ಲೈಬ್ರರಿಗಳು, ಅವುಗಳ ಇಂಥದ್ದೇ ಆವೃತ್ತಿ ಎಂಬ ಷರತ್ತು ಪ್ಯಾಕೇಜಿನೊಳಗೇ ಬರೆದಿರುತ್ತದೆ. ಇದೇ ಡಿಪೆಂಡೆನ್ಸಿ. ಎರಡು ಪ್ರೋಗ್ರಾಂಗಳ ಷರತ್ತುಗಳು ಒಂದಕ್ಕೊಂದು ಹೊಂದದಿದ್ದಾಗ ಪ್ಯಾಕೇಜುಗಳನ್ನು ಹಾಕುವ ಸಾಧನವಾದ ಆಪ್ಟ್ ಕೈಚೆಲ್ಲಿ ‘ಅನ್‌ಮೆಟ್ ಡಿಪೆಂಡೆನ್ಸೀಸ್’ ಎನ್ನುತ್ತದೆ.

22.04ನ್ನೇ ನೋಡಿ. ಅದು ಬಂದಾಗ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಓಪನ್‌ಎಸ್‌ಎಸ್‌ಎಲ್‌ನ 3ನೇ ಆವೃತ್ತಿಗೆ ಬದಲಾಯಿತು, ಅದರ ಹಳೆಯ ಲೈಬ್ರರಿ ಲಿಬ್‌ಎಸ್‌ಎಸ್‌ಎಲ್ 1.1ನ್ನು ಕೈಬಿಟ್ಟಿತು. ಹಳೆಯದನ್ನೇ ನಂಬಿದ್ದ ಹೊರಗಿನ ಪ್ರೋಗ್ರಾಂಗಳು ಇನ್‌ಸ್ಟಾಲ್ ಆಗಲಿಲ್ಲ. ಆಗ ಎಲ್ಲೆಡೆ ಸಿಗುವ ಸಲಹೆ ಒಂದೇ: 20.04ರಿಂದ ಆ ಹಳೆಯ ಲೈಬ್ರರಿಯ ಡೆಬ್ (ಪ್ಯಾಕೇಜ್) ಫೈಲ್ ಇಳಿಸಿ, ಕೈಯಿಂದ ಕೂರಿಸಿ. ಪ್ರೋಗ್ರಾಂ ಓಡುತ್ತದೆ, ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಓಪನ್‌ಎಸ್‌ಎಸ್‌ಎಲ್ 1.1.1ರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೇ ಮುಗಿದಿದೆ. ಕೈಯಿಂದ ಕೂರಿಸಿದ ಆ ಲೈಬ್ರರಿಗೆ 22.04ರ ಪ್ಯಾಕೇಜ್ ಭಂಡಾರದಿಂದ ಯಾವ ತಿದ್ದುಪಡಿಯೂ ಬರುವುದಿಲ್ಲ. ಲೋಪ ಪತ್ತೆಯಾದರೆ ಅದು ಆ ಯಂತ್ರದಲ್ಲಿ ಹಾಗೇ ಉಳಿಯುತ್ತದೆ.

ಈ ಭಯಕ್ಕೆ ಆಧಾರ ಇದೆ. ಇದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2012ರಲ್ಲಿ ಸೇರಿಕೊಂಡ ‘ಹಾರ್ಟ್‌ಬ್ಲೀಡ್’ ಎಂಬ ಲೋಪ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಒಂದೊಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಯಂತ್ರದ ಸ್ಮೃತಿಯನ್ನು ಹೊರಗಿನವರು ಓದಬಹುದಿತ್ತು. ತಿದ್ದಿದ ಆವೃತ್ತಿ ಅದೇ ದಿನ ಬಂತು. ಆದರೂ ಕೆನಡಾದ ಕಂದಾಯ ಇಲಾಖೆಯಿಂದ ಆರು ತಾಸಿನ ಅವಧಿಯಲ್ಲಿ ಸುಮಾರು 900 ತೆರಿಗೆದಾರರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾದವು. ಮದ್ದು ಬಂದಿದ್ದರೆ ಸಾಲದು, ಅದು ನಮ್ಮ ಯಂತ್ರಕ್ಕೆ ತಲುಪಬೇಕು. ಡಿಪೆಂಡೆನ್ಸಿ ಮುರಿದ ಯಂತ್ರದಲ್ಲಿ ಆಪ್ಟ್ ಬೇರೆ ಅಪ್‌ಡೇಟ್‌ಗಳನ್ನೂ ತಡೆದು ನಿಲ್ಲಿಸುತ್ತದೆ. ಅಪ್‌ಡೇಟ್ ನಡುವೆ ಕರೆಂಟು ಹೋದರೂ ಇದೇ ಗತಿ. ಅಂಥ ಯಂತ್ರದಿಂದ ವಿದ್ಯಾರ್ಥಿಗಳ ದಾಖಲೆಗಳ ಎಸ್‌ಎಟಿಎಸ್ ಜಾಲತಾಣಕ್ಕೆ ಲಾಗಿನ್ ಆದರೆ ಪಾಸ್‌ವರ್ಡ್ ಜೊತೆಗೆ ಮಕ್ಕಳ ಮಾಹಿತಿಯೂ ಅಪಾಯಕ್ಕೆ ಬೀಳುತ್ತದೆ.

ಇನ್ನೊಂದು ಹಾನಿ ಕಣ್ಣೆದುರೇ ಆಗುವಂಥದ್ದು. 2021ರ ನವೆಂಬರ್‌ನಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಉಬುಂಟು ಆಧಾರಿತ ಪಾಪ್ ಓಎಸ್‌ನಲ್ಲಿ ಆಟಗಳ ಪ್ರೋಗ್ರಾಂ ಸ್ಟೀಮ್ ಹಾಕಲು ಹೋದದ್ದನ್ನು ಲಕ್ಷಾಂತರ ಜನ ನೋಡಿದರು. ಆವೃತ್ತಿಗಳು ಹೊಂದದೆ, ಇಡೀ ಡೆಸ್ಕ್‌ಟಾಪನ್ನೇ ತೆಗೆದುಹಾಕುವ ದಾರಿಯನ್ನು ಆಪ್ಟ್ ಮುಂದಿಟ್ಟಿತು. ಎಚ್ಚರಿಕೆ ತೆರೆಯ ಮೇಲಿತ್ತು. ಅವರು ಒಪ್ಪಿಗೆ ಟೈಪ್ ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ಅನುಭವಸ್ಥರಿಗೇ ಹೀಗಾದರೆ, ಪಾಠದ ಗಡಿಬಿಡಿಯಲ್ಲಿ ‘ವೈ’ ಒತ್ತುವ ಶಿಕ್ಷಕರನ್ನು ದೂರುವುದರಲ್ಲಿ ನ್ಯಾಯವಿಲ್ಲ.

ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನು 2024ರ ಆಗಸ್ಟ್‌ನಲ್ಲಿ ತುಂಡಾದಾಗ, ಹಳೆಯದಾದ ಭಾಗವನ್ನು ವೇಳೆಗೆ ಬದಲಿಸದಿದ್ದರೆ ಏನಾಗುತ್ತದೆ ಎಂದು ಕೊಪ್ಪಳ ಜಿಲ್ಲೆಯ ರೈತರು ಕಂಡಿದ್ದಾರೆ. ಸಾಫ್ಟ್‌ವೇರ್‌ನಲ್ಲಿ ಕೊನೆಯ ದಿನ ಮೊದಲೇ ಪ್ರಕಟವಾಗಿರುತ್ತದೆ. ಸುಮ್ಮನಿರಲು ‘ಗೊತ್ತಿರಲಿಲ್ಲ’ ಎಂಬ ನೆಪವೂ ನಮಗಿಲ್ಲ.

ಮಾಡಬೇಕಾದ್ದು ಕಷ್ಟದ್ದಲ್ಲ. ‘ಎಲ್‌ಎಸ್‌ಬಿ ರಿಲೀಸ್’ ಆದೇಶದಿಂದ ಪ್ರತಿ ಯಂತ್ರದ ಆವೃತ್ತಿ ಬರೆದಿಡಿ. ಇನ್‌ಸ್ಟಾಲ್ ಆದ ಪ್ಯಾಕೇಜುಗಳ ಪಟ್ಟಿಯನ್ನು ಆಪ್ಟ್‌ನಿಂದ ತೆಗೆದು, ಮುಂದೆ ‘ಲೋಕಲ್’ ಎಂದಿರುವವನ್ನು ಗುರುತಿಸಿ. ಯಾವ ಭಂಡಾರದಲ್ಲೂ ಇಲ್ಲದ, ಅಪ್‌ಡೇಟ್ ಬಾರದ ಪ್ಯಾಕೇಜುಗಳು ಅವೇ. ಹೊಸದನ್ನು ಹಾಕುವ ಮೊದಲು ಆಪ್ಟ್‌ಗೆ ‘ಸಿಮ್ಯುಲೇಟ್’ ಎಂದು ಹೇಳಿ, ಏನನ್ನು ತೆಗೆಯುತ್ತದೆ ಎಂಬ ಸಾಲನ್ನು ಪೂರ್ತಿ ಓದಿ. ಸಿಕ್ಕಸಿಕ್ಕ ಪಿಪಿಎ (ಹೊರಗಿನವರ ಪ್ಯಾಕೇಜ್ ಭಂಡಾರ) ಸೇರಿಸಬೇಡಿ, ‘ಫೋರ್ಸ್’ ಎಂಬ ಆಯ್ಕೆಯನ್ನು ಮುಟ್ಟಬೇಡಿ. ಅರ್ಧಕ್ಕೆ ನಿಂತ ಇನ್‌ಸ್ಟಾಲನ್ನು ಮೊದಲು ‘ಡಿಪಿಕೆಜಿ ಕಾನ್ಫಿಗರ್’ನಿಂದ ಪೂರ್ತಿಗೊಳಿಸಿ, ಆಮೇಲೆ ‘ಫಿಕ್ಸ್ ಬ್ರೋಕನ್’ ಕೊಡಿ.

ಹಳೆಯ ಎಲ್‌ಟಿಎಸ್ (ದೀರ್ಘ ಬೆಂಬಲದ) ಆವೃತ್ತಿಯಿಂದ ಮುಂದಿನ ಎಲ್‌ಟಿಎಸ್‌ಗಷ್ಟೇ ನೇರ ದಾರಿ ಇದೆ. ನಡುವಿನದನ್ನು ಹಾರಿ ಹೋಗಲಾಗದು. ಎರಡು ಮೆಟ್ಟಿಲು ಹಿಂದುಳಿದ ಯಂತ್ರಕ್ಕೆ ಫೈಲುಗಳ ಬ್ಯಾಕಪ್ ತೆಗೆದು ಹೊಸದಾಗಿ ಹಾಕುವುದೇ ಕ್ಷೇಮ. 32 ಬಿಟ್ ಯಂತ್ರಗಳಿಗೆ ಹೊಸ ಉಬುಂಟು ಸಿಗದು. ಅವಕ್ಕೆ ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12 ಹಾಕಬಹುದು, ಅದರ ದೀರ್ಘ ಬೆಂಬಲ 2028ರ ಜೂನ್‌ವರೆಗೆ ಇದೆ.

ಈ ಭಾರವನ್ನು ಒಬ್ಬೊಬ್ಬ ಶಿಕ್ಷಕರ ಮೇಲೆ ಹೊರಿಸುವುದು ತಪ್ಪು. ಬ್ಲಾಕಿಗೊಬ್ಬ ಲಿನಕ್ಸ್ ಬಲ್ಲವರನ್ನು ನೇಮಿಸಿ, ಪರೀಕ್ಷಿಸಿದ ಒಂದೇ ಇಮೇಜನ್ನು ಬೇಸಿಗೆ ರಜೆಯಲ್ಲಿ ಎಲ್ಲ ಲ್ಯಾಬುಗಳಿಗೂ ಹಾಕಿಸಬೇಕು. 2027ರ ಗಡುವು ಬರುವ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳು ಈ ಕೆಲಸಗಳ ಪಟ್ಟಿಯನ್ನು ಕೈಗೆತ್ತಿಕೊಳ್ಳಲಿ.